ಮೇಣದ ಬತ್ತಿಯ ಉಪನ್ಯಾಸ

ಮೈಕೇಲ್ ಫ್ಯಾರಡೆ ಬಡ ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದವನು. 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದುದರಿಂದಲೇ ಅವನಿಗೆ ವಿಜ್ಞಾನದ ಬಾಗಿಲು ತೆರೆಯಿತು. ಮುಂದೆ ಅಲ್ಲಿಯೇ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ ಫ್ಯಾರಡೆ ಆ ಬಾಗಿಲನ್ನು ಇತರರಿಗೆ ಮುಚ್ಚಲಿಲ್ಲ.

1860ರ ಕ್ರಿಸ್‌ಮಸ್ ರಜೆಯಲ್ಲಿ ಅವನು ಮಕ್ಕಳಿಗಾಗಿ ಆರಿಸಿಕೊಂಡ ವಿಷಯ ಮೇಣದ ಬತ್ತಿ. ಇಂತಹ ಸಾಮಾನ್ಯ ವಸ್ತುವನ್ನು ಆರಿಸಿದುದೇ ಅವನ ಜಾಣ್ಮೆ. ಉರಿಯುವ ಬತ್ತಿಯನ್ನು ಮೆಲ್ಲನೆ ನಂದಿಸಿ, ಮೇಲೇಳುವ ಹೊಗೆಯ ಎಳೆಗೆ ಎರಡು ಮೂರು ಅಂಗುಲ ದೂರದಲ್ಲಿ ಉರಿಯನ್ನು ಹಿಡಿದರೆ, ಜ್ವಾಲೆಯು ಆ ಎಳೆಯಗುಂಟ ಓಡಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ! ಉರಿಯುವುದು ಮೇಣದ ಆವಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆರನೆಯ ಉಪನ್ಯಾಸದ ವೇಳೆಗೆ ಫ್ಯಾರಡೆ ಆ ಜ್ವಾಲೆಯಿಂದ ಮನುಷ್ಯನ ಉಸಿರಾಟದವರೆಗೆ ಬಂದಿದ್ದನು: ಎರಡರಲ್ಲಿಯೂ ಆಮ್ಲಜನಕವು ವ್ಯಯವಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.