ಹೋಗಿಬರುತ್ತೇವೆ ಎಂಬ ಮಾತು

ಕನ್ನಡನಾಡಿನ ಮನೆಗಳಲ್ಲಿ ಹೊಸ್ತಿಲು ದಾಟಿ ಹೊರಡುವವರು 'ಹೋಗುತ್ತೇನೆ' ಎಂದು ನುಡಿಯುವ ವಾಡಿಕೆಯಿಲ್ಲ. 'ಹೋಗಿಬರುತ್ತೇನೆ' ಎನ್ನುವುದೇ ಸಂಪ್ರದಾಯ. ಮರೆತು ಬರಿಯ 'ಹೋಗುತ್ತೇನೆ' ಎಂದ ಹುಡುಗರನ್ನು ಹಿರಿಯರು ಅಲ್ಲಿಯೇ ನಿಲ್ಲಿಸಿ ತಿದ್ದುವುದನ್ನು ವಾಚಕರೆಲ್ಲರೂ ಬಲ್ಲರು. ಬಹುಕಾಲ ವ್ಯಾಕರಣವನ್ನು ಬೋಧಿಸಿ ನಿವೃತ್ತರಾದ ನಮಗೆ ಈ ಮಾತಿನಲ್ಲಿ ಇನ್ನೊಂದು ಸ್ವಾರಸ್ಯವೂ ತೋರುತ್ತದೆ. ಇಲ್ಲಿ 'ಹೋಗಿ' ಎಂಬುದು ಅಪೂರ್ಣ ಕ್ರಿಯೆ. ವಾಕ್ಯವು ಮುಗಿಯುವುದು 'ಬರುತ್ತೇನೆ' ಎಂಬಲ್ಲಿ. ಹೋಗುವಿಕೆಯು ಬರುವಿಕೆಗೆ ಅಧೀನವಾಗಿದೆ. ಹೀಗಾಗಿ ಇದು ಬೀಳ್ಕೊಡುಗೆಯ ನುಡಿ ಮಾತ್ರವಲ್ಲ, ಹಿಂದೆ ಉಳಿಯುವವರಿಗೆ ಕೊಟ್ಟ ವಚನವೂ ಹೌದು.

ಈ ಪೀಠಿಕೆಗೆ ಕಾರಣವುಂಟು. ಎರಡು ಮೂರು ವರ್ಷದ ಮಗುವನ್ನು ಮನೆಯಲ್ಲಿರಿಸಿ ಉಳಿದವರು ಒಂದೆರಡು ದಿನದ ಪ್ರವಾಸಕ್ಕೆ ಹೊರಡಬಹುದೆ ಎಂಬ ಪ್ರಶ್ನೆಯು ಅನೇಕ ಕುಟುಂಬಗಳಲ್ಲಿ ಏಳುತ್ತದೆ. ಹೊರಡಕೂಡದೆಂಬವರು ತಾಯಿಯ ಕಡೆಗೆ ಬೆರಳು ತೋರಿಸುತ್ತಾರೆ. ತಂದೆಯನ್ನು ಯಾರೂ ಕೇಳುವುದಿಲ್ಲ. ಹೊರಡಬಹುದೆಂಬವರು, 'ಮಗುವಿಗೇನು ತಿಳಿಯುತ್ತದೆ, ನಿದ್ದೆಯಲ್ಲಿರುವಾಗ ಹೊರಟುಬಿಡಿ' ಎಂದು ಉಪಾಯ ಹೇಳುತ್ತಾರೆ. ಈ ಎರಡು ಪಕ್ಷಗಳೂ ನಮಗೆ ಸಮ್ಮತವಲ್ಲ. ಮಲಗಿದ್ದ ಶಿಶುವನ್ನು ಬಿಟ್ಟು ನಡುರಾತ್ರಿಯಲ್ಲಿ ಹೊರಟ ಸಿದ್ಧಾರ್ಥನು ಲೋಕಕ್ಕೆ ಬುದ್ಧನಾಗಿ ದೊರೆತನು. ಶನಿವಾರ ಹೊರಟು ಭಾನುವಾರ ಹಿಂದಿರುಗುವ ಗೃಹಸ್ಥರಿಗೆ ಆ ದಾರಿಯು ಸಲ್ಲದು.

ಕಳೆದ ಮಾಘಮಾಸದಲ್ಲಿ ಈ ಪ್ರಶ್ನೆಯು ನಮ್ಮ ಮನೆಯಲ್ಲಿಯೂ ಎದ್ದಿತು. ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು, ಎರಡು ವರ್ಷ ಮೂರು ತಿಂಗಳ ಮೊಮ್ಮಗ, ನಾವಿಬ್ಬರು ಹಿರಿಯರು—ಮೈಸೂರಿನಲ್ಲಿ ನಮ್ಮ ಸಂಸಾರವು ಇಷ್ಟು. ತಮ್ಮನು ಹುಟ್ಟಿದಂದಿನಿಂದ ಮೊಮ್ಮಗಳು ಎಲ್ಲಿಗೂ ಹೋದವಳಲ್ಲ. ಕೇಳಿದಾಗಲೆಲ್ಲ 'ಮಗು ಇನ್ನೂ ಚಿಕ್ಕದು' ಎಂಬ ಒಂದೇ ಉತ್ತರ. ಪಾಠದಲ್ಲಿ ಹೊಯ್ಸಳರ ವಿಷಯ ಬಂದ ದಿನ ಅವಳು, 'ತಾತ, ನಾನು ದೊಡ್ಡವಳಾಗೋದರೊಳಗೆ ಅವನು ದೊಡ್ಡವನಾಗುತ್ತಾನಾ?' ಎಂದು ಕೇಳಿದಳು. ಚಿಕ್ಕ ಮಗುವಿನ ಮೇಲಣ ಅಕ್ಕರೆಯ ಸಾಲವನ್ನು ದೊಡ್ಡ ಮಗುವೊಂದೇ ತೀರಿಸುತ್ತಿದ್ದುದು ಆಗ ಎಲ್ಲರಿಗೂ ಕಂಡಿತು.

'ನಾನು ಮಗುವಿನ ಜೊತೆಗಿರುತ್ತೇನೆ. ಬೆಟ್ಟ ಹತ್ತುವ ಮಂಡಿ ನನ್ನದಲ್ಲ. ಬೇಲೂರನ್ನು ಮದುವೆಯಾದ ವರ್ಷವೇ ನೋಡಿದ್ದೇನೆ' ಎಂದು ನಮ್ಮಾಕೆ ತೀರ್ಮಾನ ಹೇಳಿದರು. ಸೊಸೆಯು ಬಹಳ ಹೊತ್ತು ಸುಮ್ಮನಿದ್ದು, 'ಅತ್ತೆ, ರಾತ್ರಿ ಎಚ್ಚರವಾಗಿ ನನ್ನನ್ನು ಕೇಳಿದರೆ?' ಎಂದಳು. ಮುಂದಿನ ಏರ್ಪಾಡೆಲ್ಲವೂ ಆ ಒಂದು ಪ್ರಶ್ನೆಯಿಂದ ಹುಟ್ಟಿದುದು.

ಈ ವಿಷಯದಲ್ಲಿ ವಿದ್ವಾಂಸರು ನಡೆಸಿರುವ ಪರಿಶೀಲನೆಯನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ತಾಯಿ ಕಣ್ಮರೆಯಾದರೆ ಅಳುವ ಸ್ವಭಾವವು ಮಗುವಿಗೆ ಏಳೆಂಟು ತಿಂಗಳಲ್ಲಿ ಮೊಳೆತು, ಒಂದರಿಂದ ಒಂದೂವರೆ ವರ್ಷದ ವೇಳೆಗೆ ತೀವ್ರವಾಗಿ, ಮೂರು ವರ್ಷದ ಸುಮಾರಿಗೆ ಕ್ರಮೇಣ ಇಳಿಯುತ್ತದೆ. ಇದು ಹಟವಲ್ಲ, ತನ್ನವರನ್ನು ಗುರುತಿಸಿ ನೆಚ್ಚಿಕೊಂಡುದರ ಲಕ್ಷಣ. ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ಅಗಲಿಕೆಯ ದಿನಗಳನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟರು. ಬಳಿಕ ಅವರೂ ಅವರ ಪತ್ನಿ ಜಾಯ್ಸ್ ಅವರೂ, ತಾಯಂದಿರು ಹೆರಿಗೆಗೆ ಹೋಗಿದ್ದ ಕೆಲವು ಪುಟ್ಟ ಮಕ್ಕಳನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ನೋಡಿದರು. ಮೊದಲೇ ಪರಿಚಯ ಬೆಳೆಸಿ, ಮಗುವಿನ ಆಟಿಕೆಗಳನ್ನು ಜೊತೆಯಲ್ಲಿಟ್ಟು, ತಾಯಿಯ ಮಾತನ್ನು ಮುಚ್ಚದೆ ಆಡುತ್ತ, ಒಬ್ಬರೇ ಸಾಕಿದಲ್ಲಿ ಮಕ್ಕಳು ದುಃಖಪಟ್ಟರೂ ತಾಳಿಕೊಂಡವು. ದಾದಿಯರು ಬದಲಾಗುತ್ತಲೇ ಇದ್ದ ಶಿಶುಪಾಲನಾ ಗೃಹವೊಂದರಲ್ಲಿ ಒಂಬತ್ತು ದಿನ ಇದ್ದ ಹದಿನೇಳು ತಿಂಗಳ ಗಂಡುಮಗುವಾದರೋ, ಕೊನೆಗೆ ತಾಯಿ ಬಂದಾಗ ಅವಳ ಮಡಿಲನ್ನೇ ಒಲ್ಲದೆ ಹೋಯಿತು. ಆ ಚಿತ್ರವು 1969ರಲ್ಲಿ ಹೊರಬಂದಿತು. ಅಗಲಿಕೆಯು ಎಷ್ಟು ದಿನದ್ದು, ಮಗುವು ಯಾರ ಕೈಯಲ್ಲಿದೆ, ಹೇಗೆ ಹೇಳಿ ಹೊರಟೆವು ಎಂಬ ಮೂರು ಸಂಗತಿಗಳೇ ಇಲ್ಲಿ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಒಂದು ವಾರ ಮೊದಲೇ ರಾತ್ರಿಯ ಊಟವನ್ನೂ ಮಲಗಿಸುವುದನ್ನೂ ಅಜ್ಜಿಯು ವಹಿಸಿಕೊಂಡರು. ತಾಯಿಯು ಪಕ್ಕದ ಕೋಣೆಯಲ್ಲಿರುತ್ತಿದ್ದಳು. ಅವಳ ಹಳೆಯ ನೂಲಿನ ಸೀರೆಯೊಂದು ಮಗುವಿನ ಹೊದಿಕೆಯಾಯಿತು. ಶನಿವಾರ, ಭಾನುವಾರ ಎಂಬುವು ಆ ವಯಸ್ಸಿಗೆ ಅರ್ಥವಿಲ್ಲದ ಶಬ್ದಗಳು. ಆದುದರಿಂದ ಕಾಲವನ್ನು ಮಗುವಿನ ದಿನಚರಿಯಿಂದಲೇ ಅಳೆದು ಹೇಳಿದೆವು: 'ಇವತ್ತು ರಾತ್ರಿ ಅಜ್ಜಿ ಜೊತೆ ಮಲಗು. ಎದ್ದು ಹಾಲು ಕುಡಿ. ಮಧ್ಯಾಹ್ನ ಮಲಗಿ ಏಳು. ಅಜ್ಜಿ ದೇವರ ದೀಪ ಹಚ್ಚುವಾಗ ನಾವು ಬರುತ್ತೇವೆ.' ಶನಿವಾರ ಬೆಳಗ್ಗೆ ಮಗುವು ಎಚ್ಚರವಾಗಿರುವಾಗಲೇ ಸೊಸೆಯು ಅದನ್ನು ಎತ್ತಿಕೊಂಡು 'ಹೋಗಿಬರುತ್ತೇನೆ, ಕಂದ' ಎಂದಳು. ಮಗುವು ಅತ್ತಿತು. ಆ ಅಳುವು ಬೀದಿಯ ತಿರುವಿನವರೆಗೂ ನಮಗೆ ಕೇಳಿಸಿತು.

ಮೊದಲು ಕಂಡುದು ಶ್ರವಣಬೆಳಗೊಳ. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಹೊತ್ತೇರಿದರೆ ಕಲ್ಲು ಕಾದು ಅಂಗಾಲು ಸುಡುತ್ತದೆ. ಗಂಗರಾಜರ ಮಂತ್ರಿಯಾದ ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ ಗೊಮ್ಮಟಮೂರ್ತಿಯು ಏಕಶಿಲೆಯದು. ಎತ್ತರ ಸುಮಾರು 57 ಅಡಿ. ಪಾದದ ಬಳಿ ಹುತ್ತ, ತೊಡೆತೋಳುಗಳಿಗೆ ಬಳ್ಳಿ. ಮುಖದಲ್ಲಿ ಮಾತ್ರ ಯಾವ ಕಟ್ಟೂ ಇಲ್ಲದ ಪ್ರಶಾಂತಿ. ಮೊಮ್ಮಗಳ ಕಣ್ಣು ಸೆಳೆದುದು ಅದಕ್ಕೆ ಎದುರಾಗಿ ಹೊರಗೆ ನಿಂತಿರುವ ಪುಟ್ಟ ಮುದುಕಿಯ ಪ್ರತಿಮೆ. ಇವಳೇ ಗುಳ್ಳಕಾಯಜ್ಜಿ. ಚಾವುಂಡರಾಯನು ಕೊಡಗಟ್ಟಲೆ ಹಾಲನ್ನು ಸುರಿಸಿದರೂ ಅಭಿಷೇಕವು ಪಾದದವರೆಗೆ ಇಳಿಯಲಿಲ್ಲವಂತೆ. ಈ ಮುದುಕಿಯು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ತುಸು ಹಾಲಿನಿಂದ ಮೂರ್ತಿಯೆಲ್ಲ ತೊಯ್ದಿತೆಂದು ಐತಿಹ್ಯ. ಕತೆಯನ್ನು ಕೇಳಿದ ಹುಡುಗಿಯು, 'ನಮ್ಮ ಅಜ್ಜಿಯ ಹಾಗೆ. ಅವರು ಇದ್ದುದರಿಂದಲೇ ನಾವು ಬಂದೆವು' ಎಂದಳು. ವ್ಯಾಖ್ಯಾನಕ್ಕೆ ನಮ್ಮ ಪಾಂಡಿತ್ಯದ ಅಗತ್ಯವೇನೂ ಬೀಳಲಿಲ್ಲ.

ರಾತ್ರಿ ಹಾಸನದಲ್ಲಿ ತಂಗಿದೆವು. ಏಳು ಗಂಟೆಗೆ ಸೊಸೆಯು ಫೋನು ಮಾಡಿ ತೆರೆಯ ಮೇಲೆ ಮಗುವನ್ನು ನೋಡಿದಳು. ಅದುವರೆಗೆ ಪಾತ್ರೆಗಳನ್ನು ಜೋಡಿಸಿಕೊಂಡು ಆಡುತ್ತಿದ್ದ ಮಗುವು, ಮುಖ ಕಂಡು ಕೈಗೆ ಸಿಕ್ಕದ ತಾಯಿಗಾಗಿ ಬಿಕ್ಕಿಬಿಕ್ಕಿ ಅತ್ತಿತು. 'ಇನ್ನು ನೀವು ಮಾಡಬೇಡಿ. ಅವನು ಮಲಗಿದ ಮೇಲೆ ನಾನೇ ಮಾಡುತ್ತೇನೆ' ಎಂದರು ನಮ್ಮಾಕೆ. ಒಂಬತ್ತೂವರೆಗೆ ಅವರ ಧ್ವನಿ ಬಂದಿತು: ಎರಡು ಸಾರಿ 'ಅಮ್ಮ' ಎಂದು ಬಾಗಿಲು ನೋಡಿದನು, ಅಮ್ಮ ನಾಳೆ ದೀಪದ ಹೊತ್ತಿಗೆ ಬರುತ್ತಾಳೆಂದರೆ, ದೇವರಮನೆಗೆ ಹೋಗಿ ದೀಪವನ್ನು ಮುಟ್ಟಿ ಬಂದು, ಸೀರೆಯನ್ನು ಹಿಡಿದುಕೊಂಡು ಮಲಗಿದನು. ಸೊಸೆಯು ಆ ರಾತ್ರಿ ಎಷ್ಟು ಮಲಗಿದಳೋ ನಾವು ಕೇಳಲಿಲ್ಲ.

ಮರುದಿನ ಬೆಳಗ್ಗೆ ಸುಮಾರು 40 ಕಿಲೋಮೀಟರು ದೂರದ ಬೇಲೂರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ದೇವಾಲಯಕ್ಕೆ ಬಳಸಿದುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಗುಣವುಳ್ಳದ್ದು. ಅದರಿಂದಲೇ ಮದನಿಕೆಯರ ಬಳೆ, ಹಾರ, ಕುರುಳುಗಳು ಅಷ್ಟು ಸೂಕ್ಷ್ಮವಾಗಿ ಮೂಡಿವೆ. ಈ ವಿಗ್ರಹಗಳಲ್ಲಿ ಕೆಲವಕ್ಕೆ ಶಿಲ್ಪಿಗಳು ಹೆಸರನ್ನೂ ಕೆತ್ತಿದ್ದಾರೆ; ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅವರಲ್ಲಿ ಪ್ರಸಿದ್ಧರು. ತಂದೆಮಕ್ಕಳು ಒಂದೇ ಗುಡಿಯಲ್ಲಿ ಉಳಿ ಹಿಡಿದರೆಂಬುದನ್ನು ಕೇಳಿ ನಮ್ಮ ಮಗನು ಮಗಳ ಕೈ ಹಿಡಿದು ಒಂದೊಂದು ವಿಗ್ರಹವನ್ನೂ ತೋರಿಸುತ್ತ ನಡೆದನು. ಎರಡು ವರ್ಷಗಳಲ್ಲಿ ತಂದೆತಾಯಿಗಳಿಬ್ಬರೂ ತನ್ನೊಬ್ಬಳ ಪ್ರಶ್ನೆಗೇ ಕಿವಿಗೊಟ್ಟ ಮೊದಲ ದಿನ ಅವಳಿಗೆ ಅದು.

ಅಲ್ಲಿಂದ 16 ಕಿಲೋಮೀಟರು ಹಳೇಬೀಡು; ಹೊಯ್ಸಳರ ರಾಜಧಾನಿಯಾದ ದ್ವಾರಸಮುದ್ರ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ ಎಂಬ ಕ್ರಮದಲ್ಲಿ ಪಟ್ಟಿಕೆಗಳು ಸುತ್ತುವರಿದಿವೆ. 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ಸಿಕ್ಕಿದ ಈ ನಗರದ ಗುಡಿಯೂ, ಬೇಲೂರು, ಸೋಮನಾಥಪುರಗಳ ಗುಡಿಗಳೂ 2023ರಲ್ಲಿ ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು.

ಎರಡು ಗಂಟೆಯಾಯಿತು. ಸಮೀಪದಲ್ಲಿಯೇ ಕೇದಾರೇಶ್ವರ ದೇವಾಲಯವೂ, ಕನ್ನಡಿಯಂತೆ ಹೊಳೆಯುವ ಕಂಬಗಳ ಪಾರ್ಶ್ವನಾಥ ಬಸದಿಯೂ ಉಳಿದಿದ್ದುವು. 'ಇನ್ನೊಂದೇ ಗಂಟೆ, ತಾತ' ಎಂದು ಮೊಮ್ಮಗಳು ಬೇಡಿದಳು. ಮೈಸೂರು ಅಲ್ಲಿಂದ ಸುಮಾರು ನಾಲ್ಕು ಗಂಟೆಯ ಹಾದಿ. ಸೊಸೆಯು ಮಗಳ ಮುಖವನ್ನೂ ಗಡಿಯಾರವನ್ನೂ ನೋಡಿದಳು. ದೀಪದ ಹೊತ್ತಿಗೆ ಎಂದು ಹೇಳಿಬಂದಿದ್ದೆವು, ಹೊರಟುಬಂದೆವು. ಹಾಸನದವರೆಗೆ ಹುಡುಗಿಯು ಮಾತನಾಡಲಿಲ್ಲ. ಅವಳ ಬಸದಿಯ ಸಾಲವು ನಮ್ಮ ಮೇಲೆ ಇನ್ನೂ ಉಳಿದಿದೆ. ಬರುವ ಕಾರ್ತಿಕದಲ್ಲಿ ತೀರಿಸುವುದೆಂದು ಅವಳ ಪುಸ್ತಕದಲ್ಲಿಯೇ ಬರೆದುಕೊಟ್ಟಿದ್ದೇವೆ.

ಮನೆ ತಲಪಿದಾಗ ನಮ್ಮಾಕೆ ಬತ್ತಿಗೆ ಎಣ್ಣೆ ಹಾಕುತ್ತಿದ್ದರು. ತಾಯಿಯು ಕೈ ಚಾಚಿದಳು, ಮಗುವು ಓಡಿಬರಲಿಲ್ಲ. ಅಜ್ಜಿಯ ಸೆರಗಿನಲ್ಲಿ ಮುಖ ಮರೆಸಿಕೊಂಡಿತು. ಸೊಸೆಯ ಕಣ್ಣು ತುಂಬಿತು. ಇದನ್ನು ಕಂಡು ಅಧೀರರಾಗತಕ್ಕದ್ದಿಲ್ಲ; ಕೋಪಿಸಿಕೊಳ್ಳುವುದೂ ಪ್ರೀತಿಯ ಅಧಿಕಾರವೇ. ಅವಳು ಬಲವಂತವಾಗಿ ಎಳೆದುಕೊಳ್ಳದೆ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ದೀಪ ಹೊತ್ತಿಕೊಂಡ ಮೇಲೆ ಮಗುವು ಅದನ್ನು ತೋರಿಸಿ, ತಾಯಿಯ ಕಡೆಗೆ ತಿರುಗಿ, 'ಬಂತು' ಎಂದಿತು. ದೀಪವು ಬಂತೆಂದೋ ಅಮ್ಮ ಬಂದಳೆಂದೋ, ಆ ಮಾತಿಗೆ ಕರ್ತೃಪದವಿರಲಿಲ್ಲ. ಅನಂತರ ಮಡಿಲೇರಿತು. ಎರಡು ಮೂರು ದಿನ ತಾಯಿಯ ಬೆನ್ನು ಬಿಡದೆ ತಿರುಗಿ, ಮೊದಲಿನಂತಾಯಿತು.

ಹೀಗೆ ಹೊರಡಬೇಕೆಂದಿರುವ ಗೃಹಸ್ಥರಿಗೆ ಕೆಲವು ಮಾತುಗಳು. ಎದೆಹಾಲನ್ನೇ ನೆಚ್ಚಿದ ಕೂಸನ್ನೂ, ಜ್ವರವೋ ಕೆಮ್ಮೋ ಇರುವ ಮಗುವನ್ನೂ ಬಿಟ್ಟು ಹೊರಡಬಾರದು. ಮೊದಲ ಸಾರಿಗೆ ಒಂದು ರಾತ್ರಿ ಸಾಕು. ಮಗುವನ್ನು ನೋಡಿಕೊಳ್ಳುವವರು ಅದಕ್ಕೆ ಚೆನ್ನಾಗಿ ಪರಿಚಿತರಾಗಿರಬೇಕು, ಮನಃಪೂರ್ವಕವಾಗಿ ಒಪ್ಪಿರಬೇಕು. ಅಜ್ಜಿಯೆಂದ ಮಾತ್ರಕ್ಕೆ ಕೇಳದೆ ಹೊರೆ ಹೊರಿಸಕೂಡದು. ವೈದ್ಯರ ಸಂಖ್ಯೆಯನ್ನೂ ಔಷಧದ ಪ್ರಮಾಣವನ್ನೂ ಬರೆದಿಟ್ಟು ಹೋಗಬೇಕು. ತಂದ ಆಟಿಕೆಗಿಂತ ಹೇಳಿದ ಹೊತ್ತು ದೊಡ್ಡದು. ಹೊರಡುವಾಗ ಮಗುವು ಅತ್ತರೆ ಅಳಲಿ. ಎದುರಿಗೆ ನಿಂತು ಹೇಳಿ ಹೋದವರಿಗಾಗಿ ಅತ್ತ ಮಗುವು ಅವರು ಬರುವ ದಾರಿಯನ್ನು ಕಾಯುತ್ತದೆ. ಹೇಳದೆ ಹೋದವರ ಮಗುವು ಮರುದಿನದಿಂದ ನಿದ್ದೆ ಮಾಡಲು ಅಂಜುತ್ತದೆ.