ಮೂಗಿನ ಎರಡನೇ ಆಪರೇಷನ್ನಿಗೆ ಅವಸರ ಬೇಡ

ಹುಡುಗಿ ನೋಡಲು ಬಂದವರ ಕಣ್ಣು ಮೊದಲು ಬೀಳುವುದೇ ಮೂಗಿನ ಮೇಲೆ. ಸಂಪಿಗೆ ಮೂಗು, ಗಿಣಿ ಮೂಗು, ಮೊಂಡು ಮೂಗು ಎಂದು ಹೆಸರಿಡುವುದರಲ್ಲಿ ನಮ್ಮವರು ಬಲು ಜಾಣರು! ಈಗ ಸಣ್ಣ ಊರಿನ ಹೆಣ್ಣುಮಕ್ಕಳೂ ಮೂಗು ತಿದ್ದಿಸಿಕೊಳ್ಳಲು ಪಟ್ಟಣಕ್ಕೆ ಹೋಗುತ್ತಿದ್ದಾರೆ. ಬಹಳ ಮಂದಿಗೆ ಅದು ಸರಿಹೋಗುತ್ತದೆ. ಸರಿಹೋಗದಿದ್ದವರ ಗತಿ ಏನು?

ಮೂಗು ಕಟ್ಟುವ ವಿದ್ಯೆ ನಮಗೆ ಹೊಸದೇನಲ್ಲ. ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ ಮೂಗು ಕಳೆದುಕೊಂಡ ಕವಾಸ್‌ಜಿ ಎಂಬ ಗಾಡಿಯವನಿಗೆ ಪುಣೆಯ ಹತ್ತಿರ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದರು. ಈ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದನ್ನು ನೋಡಿ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಅಲ್ಲೂ ಹಾಗೇ ಮಾಡಿದರು.

ಒಮ್ಮೆ ಆಪರೇಷನ್ ಆದ ಮೂಗು ಕೆಲವರಲ್ಲಿ ಸೊಟ್ಟಗಾಗುತ್ತದೆ. ಕೆಲವರಲ್ಲಿ ನಡುವೆ ಕುಸಿದು ಕುದುರೆಯ ಜೀನಿನಂತೆ ಹಳ್ಳ ಬೀಳುತ್ತದೆ. ಇನ್ನು ಕೆಲವರಿಗೆ ರೂಪವೇನೋ ಚೆನ್ನ, ಆದರೆ ಹೊಳ್ಳೆ ಒಳಕ್ಕೆ ಎಳೆದುಕೊಂಡು ಉಸಿರೇ ಸರಿಯಾಗಿ ಆಡುವುದಿಲ್ಲ. ರಾತ್ರಿಯೆಲ್ಲ ಬಾಯಲ್ಲೇ ಉಸಿರಾಡಬೇಕು. ಚೆಂದಕ್ಕಿಂತ ಈ ತೊಂದರೆಯೇ ದೊಡ್ಡದು.

ನನಗೆ ಪರಿಚಯದ ಮನೆಯೊಂದರಲ್ಲಿ, ಮದುವೆ ಗೊತ್ತಾಗಿದೆ ಎಂದು, ಮೊದಲ ಆಪರೇಷನ್ ಆಗಿ ಮೂರೇ ತಿಂಗಳಿಗೆ ಎರಡನೆಯದಕ್ಕೆ ಹೊರಟರು. ವೈದ್ಯರು ಒಪ್ಪಲಿಲ್ಲ. ಹುಡುಗಿ ಅತ್ತಳು, ತಾಯಿಗೆ ಸಿಟ್ಟು ಬಂತು. ಆದರೆ ವೈದ್ಯರು ಹೇಳಿದ್ದೇ ಸರಿ. ಒಳಗಿನ ಊತ, ಅದರಲ್ಲೂ ತುದಿಯ ಊತ, ಪೂರ್ತಿ ಇಳಿಯಲು ಒಂದು ವರ್ಷವಾದರೂ ಬೇಕು. ಚರ್ಮ ದಪ್ಪವಿದ್ದರೆ ಇನ್ನೂ ಹೆಚ್ಚು. ಈ ದಿನ ಡೊಂಕಾಗಿ ಕಂಡದ್ದು ಊತ ಇಳಿದ ಮೇಲೆ ತಾನೇ ಸರಿಹೋಗಲೂಬಹುದು. ಒಳಗಿನ ಗಾಯ ಮೆತ್ತಗಾಗುವ ಮೊದಲೇ ಕತ್ತರಿ ಹಾಕಿದರೆ ಮತ್ತಷ್ಟು ಕೆಡುವ ಭಯವೂ ಉಂಟು.

ಆದರೆ ಆಪರೇಷನ್ ಆದ ಹೊಸತರಲ್ಲಿ ಜ್ವರ, ಕೀವು, ನಿಲ್ಲದ ರಕ್ತ, ಹೆಚ್ಚುತ್ತಲೇ ಹೋಗುವ ನೋವು ಅಥವಾ ಎರಡೂ ಹೊಳ್ಳೆ ಒಮ್ಮೆಲೇ ಕಟ್ಟಿಕೊಳ್ಳುವುದು ಕಂಡರೆ ಕಾಯಬೇಡಿ. ಅಂದೇ ಆಸ್ಪತ್ರೆಗೆ ಓಡಿ.

ಎರಡನೇ ಸಲ ಕೆಲಸ ಕಷ್ಟ ಏಕೆ ಗೊತ್ತೇ? ಮೂಗಿಗೆ ಆಧಾರ ಕೊಡಲು ಸಾಮಾನ್ಯವಾಗಿ ಮೂಗಿನ ನಡುಗೋಡೆಯ ಮೃದು ಎಲುಬನ್ನೇ ತೆಗೆದು ಬಳಸುತ್ತಾರೆ. ಮೊದಲ ಸಲವೇ ಅದು ಖರ್ಚಾಗಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆಯಬೇಕು. ಹೀಗಾಗಿ ಸಮಯ, ಹಣ ಎರಡೂ ಜಾಸ್ತಿ. ಬರಿಯ ಚೆಂದಕ್ಕೆ ಮಾಡಿಸಿದರೆ ವಿಮೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ಉಸಿರಾಟದ ತೊಂದರೆಗಾದರೆ ವಿಮೆಯವರನ್ನು ಮೊದಲೇ ವಿಚಾರಿಸಿ.

ಹೋಗುವಾಗ ಹಳೆಯ ಆಪರೇಷನ್ನಿನ ಕಾಗದಪತ್ರ, ಅದಕ್ಕೂ ಮೊದಲಿನ ಫೋಟೋ ಜೊತೆಗಿರಲಿ. ವೈದ್ಯರು ಪ್ಲಾಸ್ಟಿಕ್ ಸರ್ಜರಿ ಅಥವಾ ಕಿವಿ-ಮೂಗು-ಗಂಟಲು ಓದಿದವರೇ, ಇಂಥ ಎರಡನೇ ಆಪರೇಷನ್ ಎಷ್ಟು ಮಾಡಿದ್ದಾರೆ, ಎಲ್ಲಿಂದ ಎಲುಬು ತೆಗೆಯುತ್ತಾರೆ, ಎಷ್ಟರ ಮಟ್ಟಿಗೆ ಸರಿಹೋಗಬಹುದು ಎಂದು ಸಂಕೋಚವಿಲ್ಲದೆ ಕೇಳಿ. ಕೇಳಿದರೆ ತಪ್ಪೇನು? ಮೂಗು ನಮ್ಮದು! ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ. "ನೂರಕ್ಕೆ ನೂರು ಗ್ಯಾರಂಟಿ" ಎನ್ನುವವರಿಂದ ದೂರವಿರಿ. ತೆಗೆದುಕೊಳ್ಳುತ್ತಿರುವ ಮಾತ್ರೆ, ನಾಟಿ ಔಷಧಿ ಎಲ್ಲವನ್ನೂ ಹೇಳಿ. ಆಸ್ಪಿರಿನ್‌ನಂಥವು ರಕ್ತ ಹೆಚ್ಚು ಸುರಿಯುವಂತೆ ಮಾಡುತ್ತವೆ. ಮೂಗುತಿ ತೆಗೆದಿಟ್ಟೇ ಹೋಗಿ. ಮತ್ತೆ ಯಾವಾಗ ಹಾಕಬಹುದು, ಕನ್ನಡಕ ಯಾವಾಗ ಇಡಬಹುದು ಎಂಬುದನ್ನೂ ಕೇಳಿಕೊಳ್ಳಿ.

ಸೋದರಿಯರೇ, ಇನ್ನೊಂದು ಮಾತು. ನೋಡಿದವರಿಗೆ ಯಾವ ಕೊರತೆಯೂ ಕಾಣದಿದ್ದರೂ ಮಗಳು ದಿನವಿಡೀ ಕನ್ನಡಿ ಮುಂದೆ ನಿಂತು ಕೊರಗುತ್ತಿದ್ದರೆ ಆಕೆಗೆ ಬೇಕಾದದ್ದು ಕತ್ತರಿಯಲ್ಲ, ಮನೋವೈದ್ಯರ ಸಲಹೆ. ಬೀಗರ ಮಾತಿಗೆ ಹೆದರಿ ಮೂಗು ಕೊಯ್ಯಿಸಬೇಡಿ. ಉಸಿರಿಗೆ ತೊಂದರೆ ಇದ್ದರೆ, ಇಲ್ಲವೇ ಮಗಳೇ ಯೋಚಿಸಿ ಬೇಕು ಎಂದರೆ, ವರ್ಷ ಕಾದು ಮಾಡಿಸಿ. ಮದುವೆಯ ದಿನ ಬೇಕಾದರೆ ಮುಂದಕ್ಕೆ ಹಾಕಬಹುದು, ಮೂಗು ಮಾತ್ರ ಇರುವುದೊಂದೇ!