ಕೆಸರು, ಉಬ್ಬರ ಮತ್ತು ನೀರುಹಕ್ಕಿ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನಲ್ಲಿ ಬಿಜ್ಜರಗಿ ಎಂಬ ಊರುಂಟು. ಸುತ್ತಲೂ ಬಯಲು, ಜೋಳ, ಕಡಲೆ, ದ್ರಾಕ್ಷಿಗಳ ನೆಲ, ಸಮುದ್ರವೆಂಬುದು ಅಲ್ಲಿಯ ಮಕ್ಕಳಿಗೆ ಪಾಠದ ಪುಸ್ತಕದಲ್ಲಿ ಬರುವ ಮಾತು. ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳ ಚಿಕ್ಕ ತಂಡವೊಂದನ್ನು ಕೂಡಿಕೊಂಡು, ಹಕ್ಕಿಗಳನ್ನು ನೋಡುವುದಕ್ಕಾಗಿ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋಗಿದ್ದೆವು. ಬಿಜ್ಜರಗಿಯ ರೈತನ ಮಗನೊಬ್ಬನು ನಮ್ಮೊಡನೆ ಇದ್ದನು. ನೀರು ಇಳಿದಿತ್ತು, ಪಾದ ಮುಳುಗುವಷ್ಟು ನೀರಿದ್ದ ಒಂದು ಕಿರುಗಾಲುವೆಯನ್ನು ದಾಟಿ, ಆಚೆಯ ಕೆಸರುದಿಬ್ಬದ ಮೇಲೆ ಮೇಯುತ್ತಿದ್ದ ಗೊರವಗಳ ಕಡೆಗೆ ನಾವು ನಡೆಯುತ್ತಿದ್ದೆವು. ಆ ಹುಡುಗನು ಹಿಂದೆ ಉಳಿದು ಕಾಲುವೆಯನ್ನೇ ನೋಡುತ್ತ, “ಸರ್, ಈ ಹಳ್ಳದ ನೀರು ಹಿಂದಕ್ಕ ಹರಿಯಾಕತ್ತೇತಲ್ರೀ?” ಎಂದು ಕೇಳಿದನು. ಉಳಿದವರು ನಕ್ಕರು. ನಾವೂ ನಕ್ಕೆವೆಂಬುದನ್ನು ಒಪ್ಪಿಕೊಳ್ಳಬೇಕು. ಅರ್ಧ ಗಂಟೆಯಲ್ಲಿ, ಬಳಚುಗಳನ್ನು ಆಯ್ದು ಬುಟ್ಟಿ ಹೊತ್ತು ದಡಕ್ಕೆ ಮರಳುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಕೂಗಿ ಕರೆದಳು. ಹಿಂದಿರುಗಿ ನೋಡಿದರೆ, ಪಾದ ಮುಳುಗುವಷ್ಟಿದ್ದ ಕಾಲುವೆಯಲ್ಲಿ ತೊಡೆಯ ಮಟ್ಟದ ನೀರು! ಒಬ್ಬರ ಕೈ ಒಬ್ಬರು ಹಿಡಿದು ದಾಟಿದೆವು. ಯಾರಿಗೂ ಅಪಾಯವಾಗಲಿಲ್ಲ, ಒಂದು ಜೊತೆ ಪಾದರಕ್ಷೆ ಮಾತ್ರ ಕೆಸರಿನ ಪಾಲಾಯಿತು. ನಾವು ನಕ್ಕ ಆ ಪ್ರಶ್ನೆಯಲ್ಲಿಯೇ ಎಚ್ಚರಿಕೆ ಇದ್ದಿತು. ಉಬ್ಬರ ಬಂದುದನ್ನು ಮೊದಲು ಕಂಡವನು ಸಮುದ್ರವನ್ನು ಕಾಣದಿದ್ದ ಆ ಹುಡುಗನೊಬ್ಬನೇ.

ನೀರುಹಕ್ಕಿಗಳ ಬೆನ್ನುಹತ್ತಿ ಹೊಸದಾಗಿ ಹೊರಡುವವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ಹೊತ್ತು ಹೇಳಬಯಸುತ್ತೇವೆ.

ಹಿಂದೆ ಈ ಹವ್ಯಾಸವೆಂದರೆ ಕೋವಿಯ ಹವ್ಯಾಸವೇ ಆಗಿದ್ದಿತು. ಚಳಿಗಾಲದ ಬೆಳಗಿನಲ್ಲಿ ಕೆರೆಯಂಗಳದಲ್ಲಿ ಬಾತುಗಳಿಗಾಗಿ ಹೊಂಚುಹಾಕುವುದು ದೊರೆಗಳಿಗೂ ಅಧಿಕಾರಿಗಳಿಗೂ ವಿನೋದವಾಗಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಪರವಾನಗಿಯ ಕಟ್ಟಿಗೆ ಒಳಪಡಿಸಿತು; 1991ರ ತಿದ್ದುಪಡಿಯು ಆ ಪರವಾನಗಿಗಳನ್ನೂ ತೆಗೆದುಹಾಕಿತು. ಇಂದು ನಮ್ಮ ದೇಶದಲ್ಲಿ ಕಾಡುಬಾತನ್ನು ಹೊಡೆಯುವುದು ಮಾತ್ರವಲ್ಲ, ಬಲೆಯೊಡ್ಡಿ ಹಿಡಿಯುವುದೂ, ಅದರ ಗೂಡನ್ನು ಕೆಡಿಸುವುದೂ, ಮೊಟ್ಟೆಯನ್ನು ತೆಗೆಯುವುದೂ ಅಪರಾಧವೇ. ಇಂಗ್ಲೆಂಡಿನಂಥ ದೇಶಗಳಲ್ಲಿ ಕಟ್ಟುಪಾಡಿನೊಳಗೆ ಈ ಬೇಟೆ ಇನ್ನೂ ನಡೆಯುತ್ತಿದೆ. ಅಲ್ಲಿಯ ಬೇಟೆಗಾರರು 1908ರಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡರು. ಉಬ್ಬರವಿಳಿತಗಳ ಜೌಗಿನಲ್ಲಿ ಜೀವ ಉಳಿಸಿಕೊಳ್ಳುವ ವಿಧಾನವನ್ನು ಹೊಸಬರಿಗೆ ಕಲಿಸುವುದು ಅವರ ಸಂಪ್ರದಾಯದ ಒಂದು ಅಂಗ. ಯೌವನದಲ್ಲಿ ಹೆಬ್ಬಾತುಗಳನ್ನು ಹೊಡೆಯುತ್ತಿದ್ದ ಪೀಟರ್ ಸ್ಕಾಟ್ ಎಂಬ ಚಿತ್ರಕಾರನು ಮನಸ್ಸು ತಿರುಗಿ, 1946ರಲ್ಲಿ ಸ್ಲಿಂಬ್ರಿಜ್ ಎಂಬಲ್ಲಿ ಅದೇ ಹಕ್ಕಿಗಳ ರಕ್ಷಣೆಗಾಗಿ ಸಂಸ್ಥೆಯನ್ನು ಸ್ಥಾಪಿಸಿದನು. ಕೋವಿಯನ್ನು ಕೆಳಗಿಟ್ಟನೇ ಹೊರತು, ಗಾಳಿ, ನೀರು, ಕೆಸರುಗಳನ್ನು ಕುರಿತು ಬೇಟೆಯಲ್ಲಿ ಕಲಿತುದನ್ನು ಅವನು ಬಿಡಲಿಲ್ಲ. ನಾವು ಆ ಕಡೆಯಿಂದ ತೆಗೆದುಕೊಳ್ಳತಕ್ಕದ್ದೂ ಇದೇ. ಕೋವಿಯ ಸ್ಥಾನಕ್ಕೆ ದುರ್ಬೀನು ಬಂದಿದೆ; ಕಲಿಯಬೇಕಾದ ವಿದ್ಯೆಯಾದರೋ ಹೆಚ್ಚು ಬದಲಾಗಿಲ್ಲ.

ಪ್ರಾರಂಭವನ್ನು ಮನೆಯ ಹತ್ತಿರದ ಕೆರೆಯಲ್ಲಿಯೇ ಮಾಡುವುದು ಲೇಸು. ವಿಜಯಪುರದವರಿಗೆ ಭೂತನಾಳ ಕೆರೆಯಿದೆ. 1651ರಲ್ಲಿ ಆದಿಲಶಾಹಿಯವರ ಕಾಲದಲ್ಲಿ ಆದ ಬೇಗಂ ತಲಾಬೂ ಇದೆ. ಕೃಷ್ಣೆಯ ನೀರನ್ನೆತ್ತಿ ಕೆರೆಗಳನ್ನು ತುಂಬಿಸುವ ಯೋಜನೆಗಳು ತಿಕೋಟಾ, ಬಬಲೇಶ್ವರಗಳ ಕಡೆಗೆ ಬಂದಮೇಲೆ, ಒಣಗಿದ್ದ ಕೆರೆಗಳಲ್ಲಿ ಮತ್ತೆ ನೀರು ಕಾಣುತ್ತಿದೆ. ನೀರಿದ್ದಲ್ಲಿಗೆ ಹಕ್ಕಿ ಬಾರದೆ ಇರದು. ಆಲಮಟ್ಟಿಯ ಹಿನ್ನೀರಂತೂ ಚಳಿಗಾಲದಲ್ಲಿ ದೊಡ್ಡ ಹಕ್ಕಿಸಂತೆಯೇ ಸರಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಸಾವಿರ ಸಾವಿರವಾಗಿ ಬರುವುವು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳನ್ನು ಹೊತ್ತ ಈ ಹಕ್ಕಿ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುತ್ತದೆ; 7,000 ಮೀಟರಿಗೂ ಮೇಲೆ ಇದು ಹಾರಿದುದನ್ನು ವಿಜ್ಞಾನಿಗಳು ಯಂತ್ರವನ್ನು ಕಟ್ಟಿ ಅಳೆದಿದ್ದಾರೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದುದೂ ಉಂಟು.

ಹಕ್ಕಿಯ ಗುರುತನ್ನು ಬಣ್ಣದಿಂದ ಹಿಡಿಯಲು ಹೋಗಿ ಹೊಸಬರು ಸೋಲುತ್ತಾರೆ. ಬಣ್ಣವು ಬೆಳಕಿನೊಡನೆ ಮಾರ್ಪಡುವುದು. ಹಕ್ಕಿಯ ನಡತೆ ಹಾಗೆ ಮಾರ್ಪಡುವುದಿಲ್ಲ. ತಲೆ ಕೆಳಗಾಗಿ ಬಾಲವನ್ನು ಮೇಲೆತ್ತಿ ಮೇಯುವ ಬಾತುಗಳು ಒಂದು ಪಂಗಡ. ಸೂಜಿಬಾಲದ ಬಾತು ಅಂಥದು. ಪೂರ್ತಿ ಮುಳುಗಿ ಬೇರೊಂದು ಕಡೆ ಏಳುವ ಬಾತುಗಳು ಮತ್ತೊಂದು ಪಂಗಡ. ಕೆಂಪುತಲೆಯ ಬಾತು ಈ ಬಗೆಯದು. ಮೊದಲನೆಯವು ನೀರಿನಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುವುವು. ಎರಡನೆಯವು ನೀರಿನ ಮೇಲೆ ಓಡಿ ಅನಂತರ ಏಳುವುವು. ಇಷ್ಟನ್ನು ಬಲ್ಲವನು ದುರ್ಬೀನಿಲ್ಲದೆಯೂ ಅರ್ಧ ದಾರಿ ನಡೆದಂತೆ. ಸೂರ್ಯನು ನಮ್ಮ ಬೆನ್ನಿಗಿರಬೇಕು. ಬೆಳಕು ಹರಿಯುವ ಮೊದಲೇ ಜಾಗದಲ್ಲಿ ಕುಳಿತಿರಬೇಕು. ಹೆಬ್ಬಾತುಗಳು ಮೇಯುವುದನ್ನು ನಿಲ್ಲಿಸಿ ಕೊರಳನ್ನು ನೆಟ್ಟಗೆ ಎತ್ತಿದ ಕೂಡಲೆ ಮುಂದೆ ಒಂದು ಹೆಜ್ಜೆಯನ್ನೂ ಇಡಕೂಡದು. ಸಾವಿರಾರು ಮೈಲಿ ಮರಳಿ ಹಾರಬೇಕಾದ ಹಕ್ಕಿಗೆ, ನಾವು ಬೆದರಿಸಿ ಎಬ್ಬಿಸಿದ ಪ್ರತಿಯೊಂದು ಸಲವೂ ಕೂಡಿಟ್ಟ ಕೊಬ್ಬಿನಲ್ಲಿ ಒಂದಿಷ್ಟು ಖರ್ಚು.

ಇನ್ನು ನೆಲದ ಮಾತು. ಆಲಮಟ್ಟಿಯಂಥ ಜಲಾಶಯದಲ್ಲಿ ಉಬ್ಬರವಿಳಿತಗಳಿಲ್ಲ. ಆದರೆ ಮಳೆಗಾಲ ಕಳೆದು ನೀರು ಇಳಿಯುತ್ತ ಹೋದಂತೆ ಹೊರಬೀಳುವ ಕೆಸರು ಮೇಲೆ ಒಣಗಿ ಬಿರಿದಂತೆ ತೋರಿದರೂ ಒಳಗೆ ಹಸಿಯಾಗಿಯೇ ಇರುವುದು. ಅದರಲ್ಲಿ ಮುಳುಗಡೆಯಾದ ಹೊಲಗಳ ಹಳ್ಳಗಳೂ ಹಳೆಯ ಬಾವಿಗಳೂ ಅಡಗಿರಬಹುದು. ಬಯಲುನಾಡಿನ ನಮ್ಮ ಜನರಲ್ಲಿ ಈಜು ಬಾರದವರೇ ಬಹಳ. ಹೊಸದಾಗಿ ಬಂದ ನೀರಿಗೆ ಹಳೆಯ ತಿಳಿವಳಿಕೆ ಸಾಲದು.

ಆದರೂ ಕೆಸರನ್ನು ಕುರಿತು ನಮ್ಮ ರೈತನಿಗೆ ತಿಳಿದಿರುವಷ್ಟು ಪೇಟೆಯವರಿಗೆ ತಿಳಿಯದು. ಮಳೆ ಬಿದ್ದ ಎರೆಹೊಲದಲ್ಲಿ ಕಾಲನ್ನು ನೆಟ್ಟಗೆ ಮೇಲಕ್ಕೆ ಕಿತ್ತರೆ ಮಣ್ಣು ಅದನ್ನು ಇನ್ನಷ್ಟು ಬಿಗಿಯುವುದೆಂಬುದು ಡೋಣಿಯ ಸೀಮೆಯ ಮಕ್ಕಳಿಗೂ ಗೊತ್ತು. ಕಾಲಿನ ಅಡಿಯಲ್ಲಿ ಗಾಳಿ ಸೇರಲು ಎಡೆಯಿಲ್ಲದೆ ಹೀರುವಿಕೆ ಉಂಟಾಗುವುದೇ ಇದಕ್ಕೆ ಕಾರಣ. ಅಂದು ಅಳಿವೆಯಲ್ಲಿ ನಮ್ಮ ಜೊತೆಯವನೊಬ್ಬನ ಕಾಲು ಮೊಣಕಾಲಿನವರೆಗೆ ಹೂತುಹೋದಾಗ ಉಪಾಯ ಹೇಳಿದವನೂ ಬಿಜ್ಜರಗಿಯ ಹುಡುಗನೇ. ಅವನು ಹೇಳಿದುದಕ್ಕೂ ಕಡಲಂಚಿನ ಅನುಭವಿಗಳು ಹೇಳುವುದಕ್ಕೂ ಭೇದವಿಲ್ಲ. ಸಿಕ್ಕಿಕೊಂಡವನು ಒದ್ದಾಡಕೂಡದು. ಹಿಂದಕ್ಕೆ ಬಾಗಿ ಕುಳಿತು ಮೈಭಾರವನ್ನು ಹರಡಬೇಕು. ಕೈಯಲ್ಲಿ ಕೋಲಿದ್ದರೆ ಅಡ್ಡಲಾಗಿ ಮಲಗಿಸಿ ಅದರ ಮೇಲೆ ಊರಿಕೊಳ್ಳಬೇಕು. ಒಂದೊಂದೇ ಕಾಲನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ, ನೀರೂ ಗಾಳಿಯೂ ಒಳಗಿಳಿಯುವಂತೆ ಮಾಡಿ ಬಿಡಿಸಿಕೊಳ್ಳಬೇಕು. ಪಾದರಕ್ಷೆ ಉಳಿದರೆ ಉಳಿಯಲಿ. ಆಮೇಲೆ ಎದ್ದು ನಿಲ್ಲದೆ, ಬಂದ ದಾರಿಯಲ್ಲಿಯೇ ಅಂಬೆಗಾಲಿಟ್ಟು ಮರಳಬೇಕು. ಜೊತೆಯವರು ಓಡಿಬಂದು ತಾವೂ ಸಿಕ್ಕಿಕೊಳ್ಳದೆ, ಗಟ್ಟಿನೆಲದಲ್ಲಿ ನಿಂತು ಕೋಲನ್ನೋ ಹಗ್ಗವನ್ನೋ ಪಂಚೆಯನ್ನೋ ಚಾಚಬೇಕು.

ಕೆಸರಿನಲ್ಲಿ ಸಿಕ್ಕುವುದು ಕೆರೆಯಲ್ಲಿ ತೊಂದರೆ. ಅಳಿವೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಅಲ್ಲಿ ನೀರು ನಮಗಾಗಿ ಕಾಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರ; ಆದುದರಿಂದ ದಿನದಿನಕ್ಕೆ ಹೊತ್ತು ಸುಮಾರು 50 ನಿಮಿಷ ಹಿಂದಾಗುತ್ತ ಹೋಗುವುದು. ನಿನ್ನೆ ಎಂಟು ಗಂಟೆಗೆ ಕ್ಷೇಮವಾಗಿದ್ದ ದಿಬ್ಬವು ಮುಂದಿನ ವಾರ ಅದೇ ಎಂಟು ಗಂಟೆಗೆ ನೀರಿನಡಿಯಲ್ಲಿರಬಹುದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಏರಿಳಿತ ಹೆಚ್ಚು. ಅಷ್ಟಮಿಯ ಸುತ್ತಿನಲ್ಲಿ ಕಡಿಮೆ. ಪಂಚಾಂಗವನ್ನು ನೋಡಬಲ್ಲ ಮನೆಯಲ್ಲಿ ಈ ಲೆಕ್ಕದ ಅರ್ಧ ಆಗಲೇ ಇದೆ. ಉಳಿದರ್ಧಕ್ಕೆ ಭಾರತದ ಸರ್ವೇಕ್ಷಣಾ ಇಲಾಖೆಯು ಪ್ರಕಟಿಸುವ ಉಬ್ಬರವಿಳಿತಗಳ ಕೋಷ್ಟಕವಿದೆ.

ನೀರು ಏರುವ ಆರು ಗಂಟೆಗಳಲ್ಲಿ ಅದು ಒಂದೇ ಸಮನಾಗಿ ಏರುವುದಿಲ್ಲವೆಂಬುದನ್ನು ಮುಖ್ಯವಾಗಿ ಗಮನಿಸಬೇಕು. ಏರಿಕೆಯನ್ನು 12 ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಮತ್ತೆ 2, ಕೊನೆಗೆ 1 ಎಂಬುದು ನಾವಿಕರ ಸ್ಥೂಲವಾದ ಲೆಕ್ಕ. ಮೊದಲ ಗಂಟೆಯ ನಿಧಾನವನ್ನು ಕಂಡು ‘ಇನ್ನೂ ಹೊತ್ತಿದೆ’ ಎಂದು ನಂಬಿದವನನ್ನು ಮೂರನೆಯ ಗಂಟೆ ಮೋಸಗೊಳಿಸುವುದು. ಅಷ್ಟೇ ಅಲ್ಲ, ನೀರು ಸಮುದ್ರದ ಕಡೆಯಿಂದ ನಮ್ಮೆದುರಿಗೆ ಬರುವುದೆಂದು ನಾವು ಆ ಕಡೆಗೆ ಕಣ್ಣಿಟ್ಟಿರುತ್ತೇವೆ. ಅದಾದರೋ ತಗ್ಗಾದ ಕಿರುಗಾಲುವೆಗಳನ್ನು ಮೊದಲು ತುಂಬುತ್ತ, ಬಳಸಿ ಬಂದು, ನಮ್ಮ ಬೆನ್ನ ಹಿಂದೆ ದಾರಿಯನ್ನು ಕತ್ತರಿಸುತ್ತದೆ. ನಾವು ನಿಂತ ದಿಬ್ಬ ಇನ್ನೂ ಒಣಗಿಯೇ ಇರುವಾಗ ಮರಳುವ ದಾರಿ ಮುಚ್ಚಿರುವುದು. ಅಂದು ನಮಗಾದುದು ಇದೇ.

ಆದುದರಿಂದ ಹೊಸಬರು ಅನುಸರಿಸತಕ್ಕ ನಿಯಮಗಳು ಹೀಗಿವೆ. ಒಬ್ಬರೇ ಹೋಗಕೂಡದು; ಎಲ್ಲಿಗೆ ಹೋಗುವೆವು, ಎಷ್ಟು ಹೊತ್ತಿಗೆ ಮರಳುವೆವು ಎಂಬುದನ್ನು ದಡದಲ್ಲಿ ಒಬ್ಬರಿಗೆ ಹೇಳಿರಬೇಕು. ಕೆಸರಿಗೆ ಇಳಿಯುವುದಾದರೆ ನೀರು ಇಳಿಯುತ್ತಿರುವಾಗ ಮಾತ್ರ ಇಳಿಯಬೇಕು. ಕೋಷ್ಟಕದಲ್ಲಿ ಕೊಟ್ಟ ಪೂರ್ಣ ಇಳಿತದ ಹೊತ್ತಿಗೆ ಮರಳಿ ದಡದಲ್ಲಿರಬೇಕು. ಕೈಯಲ್ಲಿ ಎದೆಯುದ್ದದ ಕೋಲಿರಬೇಕು. ಹೆಜ್ಜೆಗೆ ಮೊದಲು ಕೋಲು ನೆಲವನ್ನು ಕೇಳಬೇಕು. ನೀರು ತುಂಬಿದರೆ ಭಾರವಾಗುವ ಎತ್ತರದ ರಬ್ಬರ್ ಬೂಟುಗಳಿಗಿಂತ ಬಿಗಿಯಾಗಿ ಕಟ್ಟಿದ ಹಳೆಯ ಕ್ಯಾನ್‌ವಾಸ್ ಪಾದರಕ್ಷೆ ಮೇಲು. ಬರಿಗಾಲನ್ನು ಚಿಪ್ಪುಗಳು ಸೀಳುವುವು. ಮಂಜು ಕವಿದರೆ ಎಣಿಕೆಯನ್ನೆಲ್ಲ ಬಿಟ್ಟು ಕೂಡಲೆ ಹಿಂದಿರುಗಬೇಕು. ದೂರವಾಣಿಯನ್ನು ನೀರು ತಾಗದ ಚೀಲದಲ್ಲಿಟ್ಟಿರಬೇಕು. ಆಪತ್ತಿನ ಸಂಖ್ಯೆ 112. ಎಲ್ಲಕ್ಕಿಂತ ಮುಖ್ಯವಾಗಿ, ಆ ಸ್ಥಳದವರನ್ನು ಮೊದಲೇ ವಿಚಾರಿಸಬೇಕು. ಅಘನಾಶಿನಿಯ ದಡದಲ್ಲಿ ಬಳಚು ಆಯುವವರೂ, ಗಜನಿಯ ಉಪ್ಪುನೆಲದಲ್ಲಿ ಕಗ್ಗ ಭತ್ತವನ್ನು ಬೆಳೆಯುವವರೂ ಉಬ್ಬರವಿಳಿತಗಳ ಮೇಲೆಯೇ ಬಾಳು ನಡೆಸಿಕೊಂಡು ಬಂದವರು. ಅವರು ಬುಟ್ಟಿಯನ್ನೆತ್ತಿದರೆ ನಾವೂ ದುರ್ಬೀನನ್ನು ಚೀಲಕ್ಕೆ ಹಾಕಬೇಕು.

ಇಷ್ಟೆಲ್ಲ ಹೇಳಿದಮೇಲೆ, ಕೆಸರಿಗೆ ಇಳಿಯುವ ಅಗತ್ಯವೇ ಇಲ್ಲವೆಂದು ಹೇಳಿದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಅದೇ ನಿಜ. ಗೊರವ ಮೊದಲಾದ ಕೆಸರುಹಕ್ಕಿಗಳು ಇಳಿತದಲ್ಲಿ ದೂರದೂರಕ್ಕೆ ಚೆದರಿ ಮೇಯುವುವು. ಆಗ ಬೆನ್ನುಹತ್ತಿದಷ್ಟೂ ಅವು ದೂರ ಸರಿಯುವುವು. ಉಬ್ಬರವು ಏರುತ್ತ ಬಂದಂತೆ ಅವುಗಳ ಮೇವಿನ ನೆಲ ಕುಗ್ಗುತ್ತದೆ. ನೀರು ಅವನ್ನು ಹೆಜ್ಜೆಹೆಜ್ಜೆಯಾಗಿ ದಡದ ಕಡೆಗೆ ನೂಕುತ್ತದೆ. ಪೂರ್ಣ ಉಬ್ಬರಕ್ಕೆ ಎರಡು ಗಂಟೆ ಮೊದಲು ಎತ್ತರವಾದ ಒಡ್ಡಿನ ಮೇಲೆ ಸದ್ದಿಲ್ಲದೆ ಕುಳಿತವನ ಎದುರಿಗೆ ಅವು ತಾವಾಗಿಯೇ ಬಂದು ಸೇರುವುವು. ಕ್ಷೇಮವಾದ ಸ್ಥಳವೂ ಒಳ್ಳೆಯ ನೋಟದ ಸ್ಥಳವೂ ಒಂದೇ ಆಗಿರುವುದು ನಮ್ಮ ಭಾಗ್ಯವೆನ್ನಬೇಕು.

ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರ ಈ ಮೂರೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ, ಜಗತ್ತಿನ ಮಹತ್ತ್ವದ ಜೌಗುಪ್ರದೇಶಗಳೆಂದು ಎಣಿಕೆಯಾದವು. ಪ್ರತಿ ಜನವರಿಯಲ್ಲಿ ಏಷ್ಯದ ನೀರುಹಕ್ಕಿಗಳ ಗಣತಿ ನಡೆಯುವುದು. 1987ರಿಂದ ನಡೆದುಬಂದಿರುವ ಆ ಕಾರ್ಯದಲ್ಲಿ ಹವ್ಯಾಸಿಗಳ ಎಣಿಕೆಗೂ ಬೆಲೆಯುಂಟು. ಮನೆಯ ಹತ್ತಿರದ ಒಂದು ಕೆರೆಯನ್ನು ಒಂದು ಚಳಿಗಾಲ ಪೂರ್ತಿಯಾಗಿ ನೋಡಿ, ದಿನಾಂಕ, ಹೊತ್ತು, ಹಕ್ಕಿ, ಸಂಖ್ಯೆಗಳನ್ನು ಬರೆದಿಟ್ಟವರು ಆ ಗಣತಿಗೆ ಸಿದ್ಧರಾದರೆಂದೇ ತಿಳಿಯಬಹುದು.

ಬಿಜ್ಜರಗಿಯ ಆ ಹುಡುಗನು ಮರುದಿನ ಒಡ್ಡಿನ ಮೇಲೆ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದನು. ಕಾಲುವೆಯ ನೀರು ಮತ್ತೆ ಹಿಂದಕ್ಕೆ ಹರಿಯಲಾರಂಭಿಸಿದಾಗ ಅವನು ಗಡಿಯಾರವನ್ನು ನೋಡಿ ಹೊತ್ತನ್ನು ಬರೆದುಕೊಂಡನು. ಈ ಸಲ ಯಾರೂ ನಗಲಿಲ್ಲ.